ಆಕ್ಸಿಲರೇಟರ್ ಪೆಡಲ್ ಹಿಡಿದುಕೊಳ್ಳುತ್ತಿದೆಯೇ? ದೋಷ ಎಲ್ಲಿದೆ ಎಂದು ಹಂತಹಂತವಾಗಿ ಪತ್ತೆ ಮಾಡುವ ಬಗೆ

ಕಾಲು ಎತ್ತಿದ ಮೇಲೂ ಎಂಜಿನ್ ರೇಸ್ ಆಗುತ್ತಲೇ ಇರುವುದು, ಒತ್ತಿದಾಗ ಪೆಡಲ್ ಮೊದಲು ಬಿಗಿಯಾಗಿ ನಿಂತು ಆಮೇಲೆ ಗಕ್ಕನೆ ಒಳಗೆ ಜಾರುವುದು, ಬಿಟ್ಟ ಪೆಡಲ್ ತೀರಾ ನಿಧಾನವಾಗಿ ಮೇಲೆ ಬರುವುದು. ಈ ಮೂರರಲ್ಲಿ ಯಾವುದೇ ಒಂದು ಕಂಡರೂ ಗಾಡಿಯನ್ನು ನಿಲ್ಲಿಸಿ ನೋಡಲೇಬೇಕು. ಒಂದು ಸಲ ಹಾಗಾಯಿತು, ಆಮೇಲೆ ತಾನಾಗಿಯೇ ಸರಿಹೋಯಿತು ಎಂದು ಮರೆತುಬಿಡುವ ದೋಷವಲ್ಲ ಇದು. ಒಮ್ಮೆ ಹಿಡಿದುಕೊಂಡ ಪೆಡಲ್ ಮತ್ತೆ ಹಿಡಿದುಕೊಳ್ಳುತ್ತದೆ. ಎಲ್ಲಿ, ಯಾವ ವೇಗದಲ್ಲಿ ಎನ್ನುವುದು ಮಾತ್ರ ನಮ್ಮ ಕೈಯಲ್ಲಿಲ್ಲ.

ಪೆಡಲಿನಿಂದ ಎಂಜಿನ್‌ವರೆಗಿನ ದಾರಿಯಲ್ಲಿ ಮೂರು ಭಾಗಗಳಿವೆ. ಕಾಲಡಿಯ ಪೆಡಲ್ ಒಂದು. ಎಂಜಿನ್ನಿಗೆ ಹೋಗುವ ಗಾಳಿಯನ್ನು ಹಿಡಿದಿಡುವ ಥ್ರಾಟಲ್ ಬಾಡಿ ಇನ್ನೊಂದು. ಇವೆರಡರ ನಡುವಿನ ಸಂಪರ್ಕ ಮೂರನೆಯದು. ಅದು ಹಳೆಯ ಗಾಡಿಗಳಲ್ಲಿ ಉಕ್ಕಿನ ಕೇಬಲ್, ಹೊಸ ಗಾಡಿಗಳಲ್ಲಿ ಸೆನ್ಸರ್ ಮತ್ತು ವೈರ್. ಪೆಡಲ್ ಹಿಡಿಯುತ್ತಿದೆ ಎಂದ ಕೂಡಲೇ ಕೇಬಲ್ಲಿಗೆ ಎಣ್ಣೆ ಬಿಡುವುದು, ಥ್ರಾಟಲ್ ಬಾಡಿ ತೊಳೆಸುವುದು, ಹೊಸ ಪೆಡಲ್ ತರಿಸುವುದು ಎಲ್ಲವೂ ಊಹೆಯ ಮೇಲೆ ನಡೆಯುವ ಕೆಲಸ. ಮೂರು ಭಾಗಗಳನ್ನೂ ಒಂದರಿಂದೊಂದು ಬಿಡಿಸಿ, ಬೇರೆಬೇರೆಯಾಗಿ ಆಡಿಸಿ ನೋಡಿದರೆ ದೋಷ ಎಲ್ಲಿದೆ ಎಂಬುದು ಕೈಗೇ ತಿಳಿಯುತ್ತದೆ. ಈ ಲೇಖನ ಪೂರ್ತಿ ಅದೇ ದಾರಿಯಲ್ಲಿ ಸಾಗುತ್ತದೆ.

ಓಡುತ್ತಿರುವಾಗಲೇ ಹಿಡಿದುಕೊಂಡರೆ

ರಿಪೇರಿಯ ಮಾತಿಗೆ ಮೊದಲು ಇದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ.

ಬ್ರೇಕನ್ನು ಒಂದೇ ಸಲಕ್ಕೆ ಬಲವಾಗಿ ಒತ್ತಿ, ಹಾಗೆಯೇ ಹಿಡಿಯಿರಿ. ಬಿಟ್ಟು ಬಿಟ್ಟು ಒತ್ತಬೇಡಿ. ಬಹುತೇಕ ಪೆಟ್ರೋಲ್ ಗಾಡಿಗಳಲ್ಲಿ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಎಂಜಿನ್ನಿನ ಇನ್‌ಟೇಕ್ ಕಡೆಯ ನಿರ್ವಾತದಿಂದ. ಥ್ರಾಟಲ್ ಪೂರ್ತಿ ತೆರೆದುಕೊಂಡಾಗ ಆ ನಿರ್ವಾತ ಹುಟ್ಟುವುದೇ ಇಲ್ಲ. ಬೂಸ್ಟರಿನಲ್ಲಿ ಉಳಿದಿರುವುದು ಒಂದೆರಡು ಸಲದ ಒತ್ತಿಗೆ ಸಾಕಾಗುವಷ್ಟು ಮಾತ್ರ. ಗಾಬರಿಯಲ್ಲಿ ನಾಲ್ಕೈದು ಸಲ ಒತ್ತಿ ಬಿಟ್ಟರೆ ಅದೂ ಮುಗಿದು, ಬ್ರೇಕ್ ಪೆಡಲ್ ಕಲ್ಲಿನಷ್ಟು ಗಟ್ಟಿಯಾಗುತ್ತದೆ.

ಬ್ರೇಕ್ ಒತ್ತಿಕೊಂಡೇ ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಮ್ಯಾನ್ಯುವಲ್ ಗಾಡಿಯಾದರೆ ಕ್ಲಚ್ ಒತ್ತಿದರೂ ಸಾಕು. ಎಂಜಿನ್ ಭೋರೆಂದು ಕೂಗುತ್ತದೆ, ಕೂಗಲಿ. ಇಂಧನವನ್ನು ಕಂಪ್ಯೂಟರ್ ನಿಯಂತ್ರಿಸುವ ಎಂಜಿನ್‌ಗಳಲ್ಲಿ ಆರ್‌ಪಿಎಂ, ಅಂದರೆ ಎಂಜಿನ್ ತಿರುಗುವ ವೇಗ, ಮಿತಿ ಮೀರದಂತೆ ತಡೆ ಇರುತ್ತದೆ. ಎಂಜಿನ್ ಹಾಳಾದೀತು ಎಂಬ ಅಳುಕಿನಿಂದ ಗೇರ್ ತಪ್ಪಿಸಲು ಹಿಂಜರಿಯಬೇಡಿ. ರಸ್ತೆಯ ಅಂಚಿಗೆ ಬಂದು ನಿಂತ ಮೇಲೆ ಎಂಜಿನ್ ಆಫ್ ಮಾಡಿ.

ನ್ಯೂಟ್ರಲ್‌ಗೆ ಬೀಳದೇ ಹೋದರೆ ಮಾತ್ರ ಓಡುತ್ತಿರುವಾಗ ಎಂಜಿನ್ ಆಫ್ ಮಾಡಬೇಕು. ಕೀಲಿಯನ್ನು ಒಂದೇ ಹಂತ ಹಿಂದಕ್ಕೆ ತಿರುಗಿಸಿ. ಪೂರ್ತಿ ತಿರುಗಿಸಿ ಹೊರಗೆಳೆದರೆ ಸ್ಟೀರಿಂಗ್ ಲಾಕ್ ಆಗುವ ಅಪಾಯವಿದೆ. ಎಂಜಿನ್ ನಿಂತ ಕೂಡಲೇ ಸ್ಟೀರಿಂಗ್ ಭಾರವಾಗುತ್ತದೆ, ಬ್ರೇಕಿಗೆ ಹೆಚ್ಚು ಬಲ ಬೇಕಾಗುತ್ತದೆ; ಅದಕ್ಕೆ ಸಿದ್ಧರಾಗಿರಿ. ಸ್ಟಾರ್ಟ್ ಬಟನ್ ಇರುವ ಗಾಡಿ ಓಡುವಾಗ ಒಂದು ಸಲ ಒತ್ತಿದ ಮಾತ್ರಕ್ಕೆ ಆಫ್ ಆಗುವುದಿಲ್ಲ. ಹಲವು ಗಾಡಿಗಳಲ್ಲಿ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕು, ಇಲ್ಲವೇ ಬೆನ್ನುಬೆನ್ನಿಗೆ ಕೆಲವು ಸಲ ಒತ್ತಬೇಕು. ನಿಮ್ಮ ಗಾಡಿಯದ್ದು ಯಾವ ಬಗೆ ಎಂದು ಮಾಲೀಕರ ಕೈಪಿಡಿಯಲ್ಲಿ ಇವತ್ತೇ ನೋಡಿಟ್ಟುಕೊಳ್ಳಿ. ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಹೇಳಿಕೊಡಿ.

ಓಡುತ್ತಿರುವಾಗ ಬಗ್ಗಿ ಕೈಯಿಂದ ಪೆಡಲ್ ಎಳೆಯಲು ಹೋಗಲೇಬೇಡಿ.

ಮೊದಲ ಹಂತ: ಲಕ್ಷಣವನ್ನು ಸರಿಯಾಗಿ ಗುರುತಿಸುವುದು

ಗಾಡಿ ಸುರಕ್ಷಿತವಾಗಿ ನಿಂತ ಮೇಲೆ, ಏನನ್ನೂ ಅಲುಗಾಡಿಸುವ ಮುನ್ನ, ಪೆಡಲ್ ಈಗ ಎಲ್ಲಿದೆ ನೋಡಿ. ಕೆಳಗೇ ನಿಂತಿದೆಯೇ? ಅಥವಾ ಪೆಡಲ್ ಪೂರ್ತಿ ಮೇಲೆ ಬಂದಿದ್ದೂ ಎಂಜಿನ್ ಮಾತ್ರ ರೇಸ್ ಆಗುತ್ತಿತ್ತೇ? ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಪೆಡಲ್ ಕೆಳಗೇ ನಿಂತಿದ್ದರೆ ದೋಷ ಯಾಂತ್ರಿಕ, ಕಣ್ಣಿಗೆ ಅಥವಾ ಕೈಗೆ ಸಿಗುವಂಥದ್ದು. ಪೆಡಲ್ ಮೇಲೆ ಬಂದೂ ಆರ್‌ಪಿಎಂ ಇಳಿಯದಿದ್ದರೆ ಹುಡುಕಬೇಕಾದ ಜಾಗ ಬಾನೆಟ್ಟಿನ ಕೆಳಗೆ. ಸಿಟ್ಟಿನಲ್ಲೋ ಗಾಬರಿಯಲ್ಲೋ ಪೆಡಲನ್ನು ನಾಲ್ಕು ಸಲ ಒದ್ದು ಬಿಡಿಸಿಕೊಂಡರೆ ಈ ಸುಳಿವು ಅಳಿಸಿಹೋಗುತ್ತದೆ.

ಆಮೇಲೆ ಯಾವಾಗ ಆಯಿತು ಎಂದು ನೆನಪಿಸಿಕೊಳ್ಳಿ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಮಾತ್ರವೇ? ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆಯೇ? ಪೆಡಲನ್ನು ನೆಲದವರೆಗೆ ಒತ್ತಿ ಓವರ್‌ಟೇಕ್ ಮಾಡಿದಾಗಲೇ? ಕ್ರೂಸ್ ಕಂಟ್ರೋಲ್ ಬಳಸಿದಾಗಲೇ? ಚಳಿಯಲ್ಲಷ್ಟೇ ಹಿಡಿದುಕೊಂಡರೆ ಕೇಬಲ್ಲಿನೊಳಗೆ ನೀರು ಹೆಪ್ಪುಗಟ್ಟಿರುವುದು, ಥ್ರಾಟಲ್‌ನಲ್ಲಿ ಜಿಡ್ಡು ಗಟ್ಟಿಯಾಗಿರುವುದು ಅಥವಾ ತೇವ ಕೂತಿರುವುದು ಕಾರಣವಾಗಬಹುದು. ಬಿಸಿಯಾದ ಮೇಲಷ್ಟೇ ಆದರೆ ಎಗ್ಸಾಸ್ಟ್ ಪೈಪಿನ ಹತ್ತಿರ ಹಾದುಹೋಗುವ ಕೇಬಲ್ಲಿನ ಒಳಪದರ ಮೆತ್ತಗಾಗಿರುವ ಸಾಧ್ಯತೆ ಹೆಚ್ಚು. ನೆಲದವರೆಗೆ ಒತ್ತಿದಾಗಷ್ಟೇ ಎಂದರೆ ಮೊದಲ ಅನುಮಾನ ಮ್ಯಾಟಿನ ಮೇಲೆ.

ಇನ್ನೊಂದು ಪ್ರಶ್ನೆಗೆ ನಾನು ತುಂಬ ಬೆಲೆ ಕೊಡುತ್ತೇನೆ: ಇತ್ತೀಚೆಗೆ ಗಾಡಿಯಲ್ಲಿ ಏನು ಕೆಲಸ ಆಗಿದೆ? ಮ್ಯಾಟ್ ತೊಳೆದು ಹಾಕಿದ್ದು, ಏರ್ ಫಿಲ್ಟರ್ ಬದಲಿಸಿದ್ದು, ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸಿ ಏರಿಸಿದ್ದು, ಪೆಡಲಿಗೆ ಅಲಂಕಾರದ ಕವರ್ ಹಾಕಿಸಿದ್ದು. ನಿನ್ನೆಯವರೆಗೆ ಸರಿಯಿದ್ದ ಪೆಡಲ್ ಇವತ್ತು ಹಿಡಿಯುತ್ತಿದ್ದರೆ, ಹುಡುಕಾಟವನ್ನು ನಿನ್ನೆ ಕೈಯಾಡಿಸಿದ ಜಾಗದಿಂದಲೇ ಶುರು ಮಾಡಿ.

ಎರಡನೇ ಹಂತ: ಕಾಲಡಿಯ ಜಾಗ

ಎಂಜಿನ್ ಆಫ್ ಇರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಬಾಗಿಲು ತೆಗೆದು ಟಾರ್ಚ್ ಹಿಡಿದು ಪೆಡಲಿನ ಸುತ್ತ ನೋಡಿ.

ಮ್ಯಾಟ್ ಕ್ಷುಲ್ಲಕ ಎನಿಸಬಹುದು. ಆದರೆ 2009ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಯಾನ್ ಡಿಯೇಗೊ ಬಳಿ ಒಂದು ಲೆಕ್ಸಸ್ ಕಾರು ಹಿಡಿತ ತಪ್ಪಿ ನಾಲ್ವರು ಸತ್ತಾಗ ಕಾರಣವಾಗಿ ಗುರುತಿಸಿದ್ದು ಬೇರೆ ಮಾದರಿಗೆಂದು ಮಾಡಿದ್ದ ರಬ್ಬರ್ ಮ್ಯಾಟನ್ನು. ಅದು ಪೆಡಲಿನ ತುದಿಯನ್ನು ಹಿಡಿದುಕೊಂಡಿತ್ತು. ಆ ಘಟನೆಯ ನಂತರ ಟೊಯೊಟಾ ಲಕ್ಷಾಂತರ ಗಾಡಿಗಳನ್ನು ಹಿಂದಕ್ಕೆ ಕರೆಸಬೇಕಾಯಿತು.

ಪರೀಕ್ಷೆ ಹೀಗೆ. ಮ್ಯಾಟನ್ನು ಕೈಯಿಂದ ಮುಂದಕ್ಕೆ ತಳ್ಳಿ, ಅದು ಎಷ್ಟು ಜಾರಬಲ್ಲದೋ ಅಷ್ಟು ಜಾರಲಿ. ಈಗ ಪೆಡಲನ್ನು ನೆಲದವರೆಗೆ ಒತ್ತಿ ಬಿಡಿ. ಮ್ಯಾಟಿನ ಅಂಚಿಗೆ ತಾಗಿದರೂ ಅದು ಆ ಗಾಡಿಗೆ ಸಲ್ಲದ ಮ್ಯಾಟ್. ಮ್ಯಾಟಿನ ಮೇಲೊಂದು ಮ್ಯಾಟ್ ಹಾಕಿದ್ದರೆ ಒಂದನ್ನು ತೆಗೆಯಿರಿ. ನೆಲದಲ್ಲಿ ಮ್ಯಾಟ್ ಸಿಕ್ಕಿಸುವ ಕೊಕ್ಕೆಗಳಿದ್ದರೆ ಅವು ಮುರಿದಿವೆಯೇ, ತೊಳೆದ ಮೇಲೆ ಸಿಕ್ಕಿಸದೆ ಬಿಟ್ಟಿದ್ದಾರೆಯೇ ನೋಡಿ. ನಂತರ ಮ್ಯಾಟನ್ನು ಪೂರ್ತಿ ಹೊರತೆಗೆದು ಮತ್ತೆ ಒತ್ತಿ ನೋಡಿ. ಮ್ಯಾಟಿಲ್ಲದೆ ಸಲೀಸಾಗಿ ಆಡಿದರೆ ಹುಡುಕಾಟ ಇಲ್ಲಿಗೇ ಮುಗಿಯಬಹುದು. ಹಾಗಾದರೂ ಮುಂದಿನ ಕೈ ಪರೀಕ್ಷೆಯನ್ನು ಮಾಡಿಯೇ ನಿರ್ಧರಿಸಿ.

ಮ್ಯಾಟಿನ ಕೆಳಗಿನ ಕಾರ್ಪೆಟ್ ಎದ್ದಿದೆಯೇ, ಸೀಟಿನಡಿಯಿಂದ ಉರುಳಿ ಬಂದ ಬಾಟಲಿ ಇದೆಯೇ, ಪಕ್ಕದ ಪ್ಲಾಸ್ಟಿಕ್ ಹಲಗೆ ಸಡಿಲಾಗಿ ಪೆಡಲಿಗೆ ಉಜ್ಜುತ್ತಿದೆಯೇ ನೋಡಿ. ಉಜ್ಜುತ್ತಿದ್ದರೆ ಆ ಜಾಗ ನುಣುಪಾಗಿ ಹೊಳೆಯುತ್ತಿರುತ್ತದೆ. ಪೆಡಲಿನ ಮೇಲಿನ ಕವರನ್ನು ಬೆರಳಿನಿಂದ ಎಳೆದು ಅಲುಗಾಡಿಸಿ. 2024ರ ಏಪ್ರಿಲ್‌ನಲ್ಲಿ ಟೆಸ್ಲಾ ತನ್ನ 3,878 ಸೈಬರ್‌ಟ್ರಕ್‌ಗಳನ್ನು ಹಿಂದಕ್ಕೆ ಕರೆಸಿದ್ದು ಇದೇ ಕಾರಣಕ್ಕೆ. ಜೋಡಿಸುವಾಗ ಸುಲಭವಾಗಲೆಂದು ಬಳಸಿದ್ದ ಸೋಪು ಉಳಿದುಕೊಂಡು ಪೆಡಲಿನ ಮೇಲ್ಪಟ್ಟಿಯ ಹಿಡಿತ ಸಡಿಲಾಗುತ್ತಿತ್ತು; ಜಾರಿದ ಪಟ್ಟಿ ಮೇಲಿನ ಹಲಗೆಗೆ ಸಿಕ್ಕಿಕೊಂಡು ಪೆಡಲನ್ನು ಒತ್ತಿ ಹಿಡಿಯಬಹುದಿತ್ತು. ಹೊರಗಿನಿಂದ ತಂದು ಹಾಕಿಸಿದ ಕವರ್ ಅಲುಗಾಡುತ್ತಿದ್ದರೆ ತೆಗೆದುಬಿಡಿ. ಅದರಿಂದ ಆಗುವ ಉಪಯೋಗ ಏನೂ ಇಲ್ಲ.

ಮೂರನೇ ಹಂತ: ಕೈಯಿಂದ ಒತ್ತಿ ನೋಡುವುದು

ಈ ಪರೀಕ್ಷೆಯನ್ನು ಕಾಲಿನಿಂದ ಮಾಡಬೇಡಿ. ಶೂ ಹಾಕಿದ ಕಾಲಿಗೆ ಸಣ್ಣ ತಡೆಗಳು ತಿಳಿಯುವುದಿಲ್ಲ. ಎಂಜಿನ್ ಆಫ್ ಇದ್ದಾಗ ಬಗ್ಗಿ ಕೂತು, ಎರಡು ಬೆರಳಿನಿಂದ ಪೆಡಲನ್ನು ಒತ್ತಿ.

ಮೊದಲು ನಿಧಾನವಾಗಿ ಕೆಳಗಿನವರೆಗೆ ಒತ್ತಿ, ಅಷ್ಟೇ ನಿಧಾನವಾಗಿ ಬಿಡುತ್ತ ಬನ್ನಿ. ಬೆರಳಿನ ಬೆನ್ನಿಗೇ ಪೆಡಲ್ ಬರಬೇಕು. ಎಲ್ಲಾದರೂ ಬೆರಳು ಮೇಲೆ ಬಂದು ಪೆಡಲ್ ಹಿಂದುಳಿದರೆ ಅಲ್ಲೇ ಹಿಡಿತವಿದೆ. ಎಷ್ಟೋ ಜನ ಪೆಡಲನ್ನು ಪಟ್ಟನೆ ಒತ್ತಿ ಪಟ್ಟನೆ ಬಿಟ್ಟು, ಸರಿಯಾಗಿದೆ ಎಂದು ಎದ್ದುಬಿಡುತ್ತಾರೆ. ಪಟ್ಟನೆ ಬಿಟ್ಟಾಗ ಸ್ಪ್ರಿಂಗಿನ ರಭಸವೇ ಸಣ್ಣ ಹಿಡಿತಗಳನ್ನೆಲ್ಲ ದಾಟಿಸಿಬಿಡುತ್ತದೆ. ದೋಷ ಬಯಲಾಗುವುದು ನಿಧಾನವಾಗಿ ಬಿಟ್ಟಾಗ. ಕಾಲು ಭಾಗ, ಅರ್ಧ, ಮುಕ್ಕಾಲು ಭಾಗ ಒತ್ತಿದ ಸ್ಥಿತಿಯಲ್ಲಿ ಸ್ವಲ್ಪ ಹೊತ್ತು ಹಿಡಿದಿಟ್ಟು, ಆಮೇಲೆ ಬಿಟ್ಟು ನೋಡಿ. ಹಿಡಿದಿಟ್ಟ ಜಾಗದಲ್ಲೇ ನಿಲ್ಲುವ ಪೆಡಲ್ ಅಪಾಯದ್ದು.

ಎಷ್ಟು ಬೇಗ ಮೇಲೆ ಬರಬೇಕು ಎಂಬುದಕ್ಕೆ ಒಂದು ಅಳತೆಗೋಲಿದೆ. ಅಮೆರಿಕದ ವಾಹನ ಸುರಕ್ಷತಾ ನಿಯಮದ ಪ್ರಕಾರ, ಸಾಧಾರಣ ಹವೆಯಲ್ಲಿ ಕಾರಿನ ಥ್ರಾಟಲ್ ಕಾಲು ತೆಗೆದ 1 ಸೆಕೆಂಡಿನೊಳಗೆ ಐಡ್ಲಿಂಗ್ ಸ್ಥಿತಿಗೆ, ಅಂದರೆ ಪೆಡಲ್ ಒತ್ತದಿದ್ದಾಗ ಎಂಜಿನ್ ಮೆಲ್ಲಗೆ ಓಡುವ ಸ್ಥಿತಿಗೆ, ಮರಳಬೇಕು. ಹಾಗೆ ಮರಳಿಸಲು ಕನಿಷ್ಠ ಎರಡು ಶಕ್ತಿಮೂಲಗಳಿರಬೇಕು, ಅಂದರೆ ಒಂದು ಸ್ಪ್ರಿಂಗ್ ತುಂಡಾದರೂ ಇನ್ನೊಂದು ಕೆಲಸ ಮಾಡಬೇಕು. ಇದರಲ್ಲಿ ನಮಗೊಂದು ಪಾಠವಿದೆ: ಪೆಡಲ್ ಮುಂಚಿಗಿಂತ ಹಗುರವಾಗಿ, ಸೋತಂತೆ ಆಡುತ್ತಿದ್ದರೆ ಎರಡರಲ್ಲೊಂದು ಸ್ಪ್ರಿಂಗ್ ಆಗಲೇ ಹೋಗಿರಬಹುದು. ಗಾಡಿ ಓಡುತ್ತಿರುತ್ತದೆ, ಆದರೆ ಕಾಯುವ ಎರಡನೆಯದು ಇರುವುದಿಲ್ಲ.

ಪೆಡಲನ್ನು ಅಕ್ಕಪಕ್ಕಕ್ಕೂ ಅಲುಗಾಡಿಸಿ. ಹೆಚ್ಚು ಆಡಿದರೆ ಅದರ ಕೀಲಿನೊಳಗಿನ ಬುಷ್ ಸವೆದಿದೆ. ಚೆಲ್ಲಿದ ಸಿಹಿ ಪಾನೀಯ ಒಣಗಿ ಪೆಡಲಿನ ಕೀಲನ್ನು ಅಂಟಿಸುವುದೂ ಉಂಟು. ನೆಲಕ್ಕೆ ಕೀಲು ಹಾಕಿದ ಬಗೆಯ ಪೆಡಲಿನಲ್ಲಿ ಅಡಿಗೆ ಮರಳು, ಸಣ್ಣ ಕಲ್ಲು ಸೇರುತ್ತವೆ.

ನಾಲ್ಕನೇ ಹಂತ: ಕೇಬಲ್ಲೋ ಎಲೆಕ್ಟ್ರಾನಿಕ್ಕೋ

ಪೆಡಲಿನ ತೋಳಿನ ಮೇಲ್ತುದಿ ನೋಡಿ. ಅಲ್ಲಿಂದ ಉಕ್ಕಿನ ತಂತಿಯೊಂದು ಎಂಜಿನ್ ಕಡೆಯ ಗೋಡೆಯ ಮೂಲಕ ಹೋಗುತ್ತಿದ್ದರೆ ಅದು ಕೇಬಲ್ ಗಾಡಿ. ಪೆಡಲ್ ಒಂದು ಪ್ಲಾಸ್ಟಿಕ್ ಪೆಟ್ಟಿಗೆಗೆ ಸೇರಿಕೊಂಡು, ಅದರಿಂದ ವಿದ್ಯುತ್ ವೈರುಗಳ ಕನೆಕ್ಟರ್ ಮಾತ್ರ ಹೊರಟಿದ್ದರೆ ಅದು ಎಲೆಕ್ಟ್ರಾನಿಕ್ ಥ್ರಾಟಲ್. ಇಲ್ಲಿಂದ ಮುಂದೆ ಎರಡರ ದಾರಿ ಬೇರೆ.

ಕೇಬಲ್ ಗಾಡಿಯಾದರೆ

ಬಾನೆಟ್ ತೆಗೆದು, ಇನ್ನೊಬ್ಬರನ್ನು ಪೆಡಲ್ ಒತ್ತಲು ಕೂರಿಸಿ, ನೀವು ಥ್ರಾಟಲ್ ಬಾಡಿಯ ಪಕ್ಕದಲ್ಲಿ ನಿಂತು ನೋಡಿ. ಎಂಜಿನ್ ಆಫ್ ಇರಬೇಕು. ಕೇಬಲ್ ಸುತ್ತಿಕೊಳ್ಳುವ ಅರೆದುಂಡನೆಯ ಚಕ್ರ ಪೆಡಲಿನ ಜೊತೆಗೇ ತಿರುಗಿ, ಬಿಟ್ಟಾಗ ತನ್ನ ನಿಲುಗಡೆಗೆ ಟಕ್ ಎಂದು ಬಡಿಯಬೇಕು. ಆ ಟಕ್ ಕೇಳಿಸದೆ ನಿಧಾನಕ್ಕೆ ಬಂದು ಕೂತರೆ ಹಿಡಿತವಿದೆ.

ಈಗ ನಿಜವಾದ ಪರೀಕ್ಷೆ. ಚಕ್ರವನ್ನು ಕೈಯಿಂದ ತಿರುಗಿಸಿ ಕೇಬಲ್ಲಿಗೆ ಸಡಿಲ ಕೊಟ್ಟು, ಅದರ ತುದಿಯ ಗುಂಡನ್ನು ಚಕ್ರದ ಕಚ್ಚಿನಿಂದ ಬಿಡಿಸಿ. ಆಮೇಲೆ ಚಕ್ರವನ್ನಷ್ಟೇ ಆಡಿಸಿ. ಹಿಡಿದುಕೊಂಡರೆ ದೋಷ ಥ್ರಾಟಲ್ ಬಾಡಿಯದ್ದು ಅಥವಾ ಅದಕ್ಕೇ ಕಟ್ಟಿರುವ ಬೇರೆ ಕೇಬಲ್ಲಿನದ್ದು. ಹಳೆಯ ಗಾಡಿಗಳಲ್ಲಿ ಕ್ರೂಸ್ ಕಂಟ್ರೋಲಿನ ಕೇಬಲ್, ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕಿಕ್‌ಡೌನ್ ಕೇಬಲ್ (ಪೆಡಲ್ ಜೋರಾಗಿ ಒತ್ತಿದಾಗ ಗೇರ್ ಇಳಿಸುವಂಥದ್ದು) ಇದೇ ಚಕ್ರಕ್ಕೆ ಸೇರಿರುತ್ತವೆ. ಅವನ್ನೂ ಒಂದೊಂದಾಗಿ ಬಿಡಿಸಿ ನೋಡಿ. ಚಕ್ರ ಸಲೀಸಾಗಿ ತಿರುಗಿದರೆ, ಕೇಬಲ್ಲಿನ ಬಿಡಿಸಿದ ತುದಿಯನ್ನು ಹಿಡಿದು ಎಳೆದು ಬಿಟ್ಟು, ಪೆಡಲನ್ನೂ ಒತ್ತಿ ನೋಡಿ. ಈಗ ಬಿಗಿತ ಸಿಕ್ಕಿದರೆ ಪೆಡಲ್ ಕಡೆಯ ತುದಿಯನ್ನೂ ಬಿಡಿಸಿ. ಆಗ ಪೆಡಲ್ ಬೇರೆ, ಕೇಬಲ್ ಬೇರೆ. ಯಾವುದು ಹಿಡಿಯುತ್ತಿದೆಯೋ ಅದೇ ಅಪರಾಧಿ. ಇಷ್ಟು ಮಾಡಲು ಬೇಕಾಗುವುದು ಟಾರ್ಚ್, ಹೆಚ್ಚೆಂದರೆ ಒಂದು ಇಕ್ಕಳ.

ಕೇಬಲ್ ಹಾಳಾಗುವುದು ಸಾಮಾನ್ಯವಾಗಿ ತುದಿಗಳಲ್ಲಿ. ಉಕ್ಕಿನ ಸಣ್ಣ ಎಳೆಗಳಲ್ಲಿ ಒಂದೆರಡು ತುಂಡಾಗಿ ಬಿಚ್ಚಿಕೊಂಡು, ಹೊರಕವಚದ ಬಾಯಿಗೆ ಸಿಕ್ಕಿಕೊಳ್ಳುತ್ತವೆ. ಸೈಕಲ್ಲಿನ ಬ್ರೇಕ್ ತಂತಿ ತುದಿಯಲ್ಲಿ ಬಿಚ್ಚಿಕೊಂಡಾಗ ಆಗುವುದೇ ಇಲ್ಲಿಯೂ ಆಗುತ್ತದೆ. ಒಂದೇ ಒಂದು ಎಳೆ ಕಿತ್ತಿದ್ದರೂ ಕೇಬಲ್ ಬದಲಿಸಿ. ಎಳೆಯನ್ನು ಕತ್ತರಿಸಿ ಮುಂದುವರಿಯಬೇಡಿ, ಉಳಿದ ಎಳೆಗಳೂ ಅದೇ ದಾರಿಯಲ್ಲಿವೆ. ಬಳಿಕ ಕೇಬಲ್ ಹಾದುಹೋಗುವ ದಾರಿಯನ್ನು ಪೂರ್ತಿ ನೋಡಿ. ಚೂಪಾಗಿ ಬಾಗಿದೆಯೇ, ಬೇರೆ ಭಾಗದ ಕೆಳಗೆ ಸಿಕ್ಕಿ ಅಪ್ಪಚ್ಚಿಯಾಗಿದೆಯೇ, ಎಗ್ಸಾಸ್ಟಿಗೆ ತಾಗಿದೆಯೇ.

ಎಣ್ಣೆ ಬಿಟ್ಟರೆ ಸಾಲದೇ ಎಂದು ಕೇಳುವವರು ಬಹಳ. ಹೆಚ್ಚಿನ ಕೇಬಲ್‌ಗಳೊಳಗೆ ನೈಲಾನ್ ಅಥವಾ ಟೆಫ್ಲಾನ್ ಪದರವಿರುತ್ತದೆ, ಅದಕ್ಕೆ ಎಣ್ಣೆ ಬೇಕಿಲ್ಲ. ಬಿಟ್ಟ ಎಣ್ಣೆ ಧೂಳನ್ನು ಹಿಡಿದು ಕೆಸರಾಗುತ್ತದೆ. ನಾಲ್ಕು ದಿನ ಸಲೀಸಾಗಿ ಓಡಿ, ಮೊದಲಿಗಿಂತ ಕೆಟ್ಟದಾಗಿ ಹಿಡಿಯುತ್ತದೆ. ಆ ನಾಲ್ಕು ದಿನದ ಸಮಾಧಾನವೇ ಅಪಾಯಕಾರಿ. ಬಿಗಿಯಾದ ಕೇಬಲ್ಲಿಗೆ ಒಂದೇ ಮದ್ದು, ಹೊಸ ಕೇಬಲ್.

ಹೊಸ ಕೇಬಲ್ಲೂ ಕೆಲವೇ ತಿಂಗಳಲ್ಲಿ ಬಿಗಿಯಾಯಿತು ಎಂದಾದರೆ ಎರಡು ವಿಷಯ ನೋಡಬೇಕು. ಎಷ್ಟೋ ಗ್ಯಾರೇಜುಗಳಲ್ಲಿ ಇವುಗಳತ್ತ ಗಮನ ಹೋಗುವುದಿಲ್ಲ.

ಮೊದಲನೆಯದು ಅರ್ತ್ ವೈರ್. ಎಂಜಿನ್‌ನಿಂದ ಬಾಡಿಗೆ ಮತ್ತು ಬ್ಯಾಟರಿಗೆ ಹೋಗುವ ದಪ್ಪ ಅರ್ತ್ ಪಟ್ಟಿ ತುಕ್ಕು ಹಿಡಿದಿದ್ದರೆ ಅಥವಾ ಕಳಚಿದ್ದರೆ, ಸ್ಟಾರ್ಟರಿನ ಭಾರಿ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಎಂಜಿನ್ನನ್ನೂ ಬಾಡಿಯನ್ನೂ ಸೇರಿಸುವ ಲೋಹದ ತಂತಿ ಎಂದರೆ ಆಕ್ಸಿಲರೇಟರ್ ಕೇಬಲ್. ಕರೆಂಟ್ ಅದರಲ್ಲಿ ಹರಿದು, ತಂತಿ ಕಾದು, ಒಳಗಿನ ಪ್ಲಾಸ್ಟಿಕ್ ಪದರ ಕರಗಿ ಅಂಟಿಕೊಳ್ಳುತ್ತದೆ. ಪತ್ತೆ ಮಾಡುವುದು ಸುಲಭ. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಮಲ್ಟಿಮೀಟರನ್ನು ಡಿ.ಸಿ. ವೋಲ್ಟ್‌ಗೆ ಹಾಕಿ, ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ತಾಗಿಸಿ ಹಿಡಿದು, ಮತ್ತೊಬ್ಬರಿಂದ ಸ್ಟಾರ್ಟ್ ಮಾಡಿಸಿ. ಸ್ಟಾರ್ಟರ್ ತಿರುಗುವಾಗ ಅಳತೆ ಅರ್ಧ ವೋಲ್ಟ್ ದಾಟಿದರೆ ಅರ್ತ್ ಸರಿಯಿಲ್ಲ. ಅದನ್ನು ಸರಿಪಡಿಸದೆ ಎಷ್ಟು ಕೇಬಲ್ ಹಾಕಿದರೂ ವ್ಯರ್ಥ.

ಎರಡನೆಯದು ಎಂಜಿನ್ ಮೌಂಟಿಂಗ್. ಎಂಜಿನ್ನನ್ನು ಹಿಡಿದಿರುವ ರಬ್ಬರ್ ಹರಿದಿದ್ದರೆ, ಪೆಡಲ್ ಒತ್ತಿದಾಗ ಎಂಜಿನ್ ಒಂದು ಕಡೆಗೆ ಏಳುತ್ತದೆ. ಏಳುವಾಗ ಕೇಬಲ್ಲನ್ನೋ ಜೋಡಣೆಯ ಸರಳನ್ನೋ ತಾನೇ ಎಳೆದುಕೊಂಡು ಇನ್ನಷ್ಟು ರೇಸ್ ಆಗಬಹುದು. ಜನರಲ್ ಮೋಟರ್ಸ್ 1971ರಲ್ಲಿ ಇದೇ ದೋಷಕ್ಕಾಗಿ ಸುಮಾರು 67 ಲಕ್ಷ ಷೆವರ್ಲೆ ಗಾಡಿಗಳನ್ನು ಹಿಂದಕ್ಕೆ ಕರೆಸಿತ್ತು. ಬಾನೆಟ್ ತೆಗೆದು ಪಕ್ಕದಲ್ಲಿ ನಿಂತು, ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದು ನಿಂತ ಜಾಗದಲ್ಲೇ ಕ್ಲಚ್ಚನ್ನು ಸ್ವಲ್ಪ ಬಿಟ್ಟಾಗ ಎಂಜಿನ್ ಎಷ್ಟು ಎದ್ದೇಳುತ್ತದೆ ನೋಡಿ. ಗಾಡಿಯ ಮುಂದೆ ಮಾತ್ರ ನಿಲ್ಲಬೇಡಿ.

ಥ್ರಾಟಲ್ ಬಾಡಿಯಲ್ಲಿ ದೋಷವಿದ್ದರೆ

ಏರ್ ಫಿಲ್ಟರಿನಿಂದ ಬರುವ ದಪ್ಪ ಹೋಸನ್ನು ಬಿಚ್ಚಿದರೆ ಒಳಗೆ ಬಟರ್‌ಫ್ಲೈ ಎಂದು ಕರೆಯುವ ದುಂಡು ತಟ್ಟೆ ಕಾಣುತ್ತದೆ. ಎಂಜಿನ್ನಿನ ಒಳಗಿನ ಎಣ್ಣೆಯ ಆವಿಯನ್ನು ಮತ್ತೆ ಇನ್‌ಟೇಕಿಗೆ ಸೇರಿಸುವ ವ್ಯವಸ್ಥೆ ಇರುವುದರಿಂದ, ವರ್ಷಗಳು ಕಳೆದಂತೆ ತಟ್ಟೆಯ ಅಂಚಿನಲ್ಲಿ ಕಪ್ಪು ಜಿಡ್ಡು ಕೂರುತ್ತದೆ. ತಟ್ಟೆ ಮುಚ್ಚಿದಾಗ ಆ ಜಿಡ್ಡಿಗೆ ಅಂಟಿಕೊಳ್ಳುತ್ತದೆ. ಇದರ ಲಕ್ಷಣ ಖಚಿತ: ಪೆಡಲ್ ಹಿಡಿಯುವುದು ಒತ್ತುವ ಮೊದಲ ಕ್ಷಣದಲ್ಲಿ ಮಾತ್ರ. ಗಾಡಿ ನಿಂತಲ್ಲಿಂದ ಹೊರಡುವಾಗ ಗಕ್ಕನೆ ಜಿಗಿಯುತ್ತದೆ, ಆಮೇಲೆ ಎಲ್ಲವೂ ಸಲೀಸು.

ಸ್ವಚ್ಛ ಮಾಡಲು ಥ್ರಾಟಲ್ ಬಾಡಿಗೆಂದೇ ಇರುವ ಕ್ಲೀನರ್ ಬಳಸಿ. ಕಾರ್ಬ್ಯುರೇಟರ್ ಕ್ಲೀನರ್ ಕೆಲವು ಬಾಡಿಗಳ ಒಳಲೇಪವನ್ನು ತಿನ್ನುತ್ತದೆ. ಎಂಜಿನ್ ತಣ್ಣಗಿರಲಿ, ಜಾಗ ಬಯಲಾಗಿರಲಿ, ಬೆಂಕಿ ಹತ್ತಿರ ಇರದಿರಲಿ. ದ್ರವವನ್ನು ಬಟ್ಟೆಯ ಮೇಲೆ ಹಾಕಿಕೊಂಡು ತಟ್ಟೆಯ ಅಂಚನ್ನೂ ಒಳಗೋಡೆಯನ್ನೂ ಒರೆಸಿ. ನೇರವಾಗಿ ಸುರಿದರೆ ತಟ್ಟೆಯ ಕಡ್ಡಿಯ ಮೂಲಕ ಸೆನ್ಸರಿಗೆ ಇಳಿಯುತ್ತದೆ. ಗಟ್ಟಿ ಬ್ರಷ್, ಉಜ್ಜುವ ಕಾಗದ ಬೇಡ. ತಟ್ಟೆಯ ನಿಲುಗಡೆಯ ಸಣ್ಣ ಸ್ಕ್ರೂ ಒಂದಿರುತ್ತದೆ, ಅದನ್ನು ಮುಟ್ಟಬೇಡಿ. ತಟ್ಟೆ ಪೂರ್ತಿ ಮುಚ್ಚಿ ಗೋಡೆಗೆ ಕಚ್ಚಿಕೊಳ್ಳದಂತೆ ಕಾರ್ಖಾನೆಯಲ್ಲೇ ಅಳತೆ ಮಾಡಿ ಕೂರಿಸಿದ್ದು ಅದು.

ಒರೆಸಿದ ಮೇಲೂ ಹಿಡಿಯುತ್ತಿದ್ದರೆ ತಟ್ಟೆಯ ಕಡ್ಡಿಯನ್ನು ಮೇಲೆ ಕೆಳಗೆ ಅಲುಗಾಡಿಸಿ. ಸವೆದು ಆಡುತ್ತಿದ್ದರೆ ತಟ್ಟೆ ಓರೆಯಾಗಿ ಗೋಡೆಗೆ ಉಜ್ಜುತ್ತಿರುತ್ತದೆ, ಆಗ ಥ್ರಾಟಲ್ ಬಾಡಿಯನ್ನೇ ಬದಲಿಸಬೇಕು. ಹೋಸ್ ಮತ್ತೆ ಕೂರಿಸುವಾಗ ಗ್ಯಾಸ್ಕೆಟ್ ಒಳಕ್ಕೆ ಚಾಚಿ ತಟ್ಟೆಗೆ ಅಡ್ಡ ಬಾರದಂತೆ ನೋಡಿಕೊಳ್ಳಿ.

ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ

ಮೊದಲ ಎಚ್ಚರಿಕೆ: ಇಗ್ನಿಷನ್ ಆನ್ ಇರುವಾಗ ಈ ಬಗೆಯ ಥ್ರಾಟಲ್ ತಟ್ಟೆಯೊಳಗೆ ಬೆರಳು ಹಾಕಬೇಡಿ. ಅದನ್ನು ತಿರುಗಿಸುವುದು ಮೋಟಾರು, ಯಾವಾಗ ಬೇಕಾದರೂ ಮುಚ್ಚಿಕೊಳ್ಳಬಹುದು. ಆಫ್ ಇದ್ದಾಗ ತಟ್ಟೆ ಪೂರ್ತಿ ಮುಚ್ಚಿರದೆ ಕೊಂಚ ತೆರೆದಿರುವುದು ಹಲವು ಗಾಡಿಗಳಲ್ಲಿ ಸಹಜ, ಅದನ್ನು ದೋಷ ಎಂದುಕೊಳ್ಳಬೇಡಿ. ಮೋಟಾರ್ ಕೆಟ್ಟರೂ ಗಾಡಿ ಮೆಲ್ಲಗೆ ಗ್ಯಾರೇಜ್ ತಲುಪಲೆಂದು ಸ್ಪ್ರಿಂಗ್ ಅದನ್ನು ಅಲ್ಲಿ ನಿಲ್ಲಿಸಿರುತ್ತದೆ.

ಪೆಡಲ್ ಪೆಟ್ಟಿಗೆಯೊಳಗೆ ಕನಿಷ್ಠ ಎರಡು ಸೆನ್ಸರ್‌ಗಳಿರುತ್ತವೆ, ಎರಡರ ವೋಲ್ಟೇಜ್ ಬೇರೆಬೇರೆ. ಹಲವು ಗಾಡಿಗಳಲ್ಲಿ ಒಂದು ಇನ್ನೊಂದರ ಅರ್ಧದಷ್ಟು. ಕಂಪ್ಯೂಟರ್ ಎರಡನ್ನೂ ಹೋಲಿಸಿ ನೋಡುತ್ತದೆ. ಹೊಂದದಿದ್ದರೆ ಚೆಕ್ ಎಂಜಿನ್ ದೀಪ ಹಚ್ಚಿ, ಎಂಜಿನ್ನಿನ ಶಕ್ತಿಯನ್ನು ಕಡಿತಗೊಳಿಸುತ್ತದೆ. ಹೀಗಾಗಿ ಸೆನ್ಸರ್ ಕೆಟ್ಟಾಗ ಸಾಮಾನ್ಯವಾಗಿ ಗಾಡಿ ರೇಸ್ ಆಗುವುದಿಲ್ಲ, ಬದಲಿಗೆ ಪಿಕಪ್ ಇಲ್ಲದೆ ಒದ್ದಾಡುತ್ತದೆ.

ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಹಾಕಿ, ಅದು ದಾಖಲಿಸಿಟ್ಟ ದೋಷದ ಕೋಡ್ ಓದಿ. ಪಿ2138 ಎಂದರೆ ಪೆಡಲಿನ ಎರಡು ಸೆನ್ಸರ್‌ಗಳ ನಡುವೆ ಹೊಂದಾಣಿಕೆ ಇಲ್ಲ. ಪಿ2135 ಎಂದರೆ ಥ್ರಾಟಲ್ ಕಡೆಯ ಸೆನ್ಸರ್‌ಗಳ ನಡುವೆ ಇಲ್ಲ. ಪಿ2111 ಥ್ರಾಟಲ್ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿದೆ ಎನ್ನುತ್ತದೆ, ಪಿ2112 ಮುಚ್ಚಿದ ಸ್ಥಿತಿಯಲ್ಲಿ ಎನ್ನುತ್ತದೆ. ಕೋಡ್ ಬಂದ ಕೂಡಲೇ ಪೆಡಲ್ ಬದಲಿಸಬೇಡಿ. ಮೊದಲು ಕನೆಕ್ಟರ್ ಬಿಚ್ಚಿ, ನೀರು, ಹಸಿರು ತುಕ್ಕು, ಬಾಗಿದ ಪಿನ್ ಇವೆಯೇ ನೋಡಿ.

ಎಲ್ಲಕ್ಕಿಂತ ಮುಖ್ಯ ಮಾತು ಇದು: ಕೋಡ್ ಇಲ್ಲ ಎಂದರೆ ದೋಷ ಇಲ್ಲ ಎಂದಲ್ಲ. ಪೆಡಲ್ ಯಾಂತ್ರಿಕವಾಗಿ ಕೆಳಗೇ ಸಿಕ್ಕಿಕೊಂಡಾಗ ಎರಡು ಸೆನ್ಸರ್‌ಗಳೂ ಸರಿಯಾದ, ಒಂದಕ್ಕೊಂದು ಹೊಂದುವ ವೋಲ್ಟೇಜನ್ನೇ ಕಳಿಸುತ್ತವೆ. ಚಾಲಕರೇ ಒತ್ತಿದ್ದಾರೆ ಎಂದು ಕಂಪ್ಯೂಟರ್ ನಂಬುತ್ತದೆ. 2010ರ ಜನವರಿಯಲ್ಲಿ ಟೊಯೊಟಾ ಅಮೆರಿಕದಲ್ಲಿ ಸುಮಾರು 23 ಲಕ್ಷ ಗಾಡಿಗಳನ್ನು ಹಿಂದಕ್ಕೆ ಕರೆಸಿದ್ದು ಇಂಥದೇ ದೋಷಕ್ಕೆ. ಎಲೆಕ್ಟ್ರಾನಿಕ್ ಪೆಡಲಿಗೂ ಹಳೆಯ ಕೇಬಲ್ ಪೆಡಲಿನ ಬಿಗುವು ಬರಲೆಂದು ಒಳಗೆ ಬೇಕೆಂದೇ ಒಂದು ಘರ್ಷಣೆಯ ತುಂಡು ಇಟ್ಟಿರುತ್ತಾರೆ. ಅದು ಸವೆದು, ತೇವ ಸೇರಿ, ಪೆಡಲ್ ನಿಧಾನವಾಗಿ ಮರಳುವುದು ಅಥವಾ ನಡುವೆಯೇ ನಿಲ್ಲುವುದು ಆಗುತ್ತಿತ್ತು. ಪರಿಹಾರವಾಗಿ ಸಣ್ಣದೊಂದು ಉಕ್ಕಿನ ಪಟ್ಟಿ ಸೇರಿಸಿದರು. ಆಗ ಎಲೆಕ್ಟ್ರಾನಿಕ್ಸ್ ಮೇಲೂ ಅನುಮಾನ ಬಿದ್ದು, ಅಮೆರಿಕ ಸರ್ಕಾರ ನಾಸಾ ಎಂಜಿನಿಯರ್‌ಗಳಿಂದ ತಪಾಸಣೆ ಮಾಡಿಸಿತು. ತಾನಾಗಿ ವೇಗ ಏರುವುದಕ್ಕೆ ಎಲೆಕ್ಟ್ರಾನಿಕ್ ದೋಷ ಕಾರಣ ಎಂಬುದಕ್ಕೆ ಪುರಾವೆ ಸಿಗಲಿಲ್ಲ ಎಂದು 2011ರ ಫೆಬ್ರವರಿಯಲ್ಲಿ ವರದಿ ಬಂತು. ಆದ್ದರಿಂದ ಹೊಸ ಗಾಡಿಯಲ್ಲೂ ಮೂರನೇ ಹಂತದ ಬೆರಳಿನ ಪರೀಕ್ಷೆಯನ್ನು ಬಿಡಬೇಡಿ.

ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಪೆಡಲಿನ ಸ್ಥಾನ ಮತ್ತು ಥ್ರಾಟಲಿನ ಸ್ಥಾನ ಎರಡನ್ನೂ ಒಟ್ಟಿಗೆ ತೆರೆದಿಡಿ. ಎಂಜಿನ್ ಆಫ್, ಇಗ್ನಿಷನ್ ಆನ್. ಪೆಡಲನ್ನು ಮುಟ್ಟದಿರುವಾಗ ತೋರಿಸುವ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಎಲ್ಲ ಗಾಡಿಗಳಲ್ಲೂ ಅದು ಸೊನ್ನೆಯೇ ಆಗಿರಬೇಕಿಲ್ಲ. ನಿಧಾನವಾಗಿ ಒತ್ತುತ್ತ ಹೋದರೆ ಅಂಕಿ ಜಿಗಿಯದೆ ಏರಬೇಕು, ಬಿಟ್ಟಾಗ ಪ್ರತಿ ಸಲವೂ ಅದೇ ಮೊದಲ ಅಂಕಿಗೆ ಇಳಿಯಬೇಕು. ಕಾಲು ತೆಗೆದ ಮೇಲೂ ಪೆಡಲಿನ ಅಂಕಿ ಮೇಲೇ ನಿಂತರೆ ದೋಷ ಪೆಡಲಿನದ್ದು. ಪೆಡಲಿನ ಅಂಕಿ ಇಳಿದು ಥ್ರಾಟಲಿನದ್ದು ಇಳಿಯದಿದ್ದರೆ ಥ್ರಾಟಲ್ ಬಾಡಿಯದ್ದು. ಅಂಕಿ ನಡುವೆ ಹಾರಾಡಿದರೆ ವೈರುಗಳನ್ನು ಮೆಲ್ಲಗೆ ಅಲುಗಾಡಿಸಿ ನೋಡಿ.

ಪೆಡಲ್ ಪೆಟ್ಟಿಗೆಯನ್ನು ಬಿಚ್ಚಿ ಗ್ರೀಸ್ ಹಚ್ಚುವ ಪ್ರಯತ್ನ ಬೇಡ. ಅದನ್ನು ಇಡಿಯಾಗಿ ಬದಲಿಸುವುದೇ ಸರಿ. ಅದಕ್ಕೂ ಮುನ್ನ ಗಾಡಿಯ ಚಾಸಿ ನಂಬರ್ ಕೊಟ್ಟು, ತಯಾರಕರ ರೀಕಾಲ್ ಪಟ್ಟಿಯಲ್ಲಿ ಇದೆಯೇ ಎಂದು ವಿಚಾರಿಸಿ. ಇದ್ದರೆ ರಿಪೇರಿಯ ಹೊಣೆ ಅವರದು.

ಪೆಡಲ್ ಸರಿಯಿದ್ದೂ ಆರ್‌ಪಿಎಂ ಇಳಿಯದಿದ್ದರೆ

ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಕೂಡಲೇ ಆರ್‌ಪಿಎಂ ಹೆಚ್ಚಿರುವುದು, ಬಿಸಿಯಾಗುತ್ತ ಇಳಿಯುವುದು ಸಹಜ. ಬಿಸಿಯಾದ ಮೇಲೂ ಇಳಿಯದಿದ್ದರೆ ಥ್ರಾಟಲಿನ ಆಚೆ ಎಲ್ಲೋ ಗಾಳಿ ಒಳಗೆ ಹೋಗುತ್ತಿದೆ. ಬಿರುಕು ಬಿಟ್ಟ ವ್ಯಾಕ್ಯೂಮ್ ಹೋಸ್, ಹರಿದ ಇನ್‌ಟೇಕ್ ಗ್ಯಾಸ್ಕೆಟ್, ಕೇಬಲ್ ಗಾಡಿಗಳಲ್ಲಿ ಐಡ್ಲಿಂಗ್ ನಿಯಂತ್ರಿಸುವ ವಾಲ್ವ್ ತೆರೆದೇ ಸಿಕ್ಕಿಕೊಂಡಿರುವುದು ಇದರ ಕಾರಣಗಳು. ಪಿ0507 ಕೋಡ್ ಬಂದರೆ ಐಡ್ಲಿಂಗ್ ನಿರೀಕ್ಷೆಗಿಂತ ಹೆಚ್ಚಿದೆ ಎಂದರ್ಥ.

ಡೀಸೆಲ್ ಗಾಡಿ ಕಾಲು ತೆಗೆದರೂ ವೇಗ ಏರಿಸಿಕೊಳ್ಳುತ್ತ, ದಟ್ಟ ಹೊಗೆ ಕಾರುತ್ತ, ಕೀಲಿ ತಿರುಗಿಸಿದರೂ ನಿಲ್ಲದಿದ್ದರೆ ಅದು ಪೆಡಲಿನ ದೋಷವೇ ಅಲ್ಲ. ಹೆಚ್ಚಾಗಿ ಟರ್ಬೋದಿಂದ ಸೋರಿದ ಎಂಜಿನ್ ಆಯಿಲ್ಲನ್ನೇ ಇಂಧನವಾಗಿ ಸುಡುತ್ತಿರುತ್ತದೆ. ಗಾಡಿಯಿಂದ ಇಳಿದು ದೂರ ನಿಲ್ಲಿ, ಅಂಥ ಎಂಜಿನ್ ಒಡೆದು ಚೂರುಗಳು ಸಿಡಿಯಬಹುದು.

ರಿಪೇರಿ ಆದ ಮೇಲೆ

ಗ್ಯಾರೇಜಿಗೆ ಕೊಟ್ಟಿದ್ದರೆ ಯಾವ ಭಾಗ ಹಿಡಿಯುತ್ತಿತ್ತು ಎಂದು ಕೇಳಿ, ತೆಗೆದ ಭಾಗವನ್ನು ನೋಡಿ. ಬಿಗಿಯಾದ ಕೇಬಲ್ ಆಗಿದ್ದರೆ ಅದನ್ನು ಕೈಯಲ್ಲಿ ಹಿಡಿದು ಎಳೆದಾಗ ನಿಮಗೂ ಗೊತ್ತಾಗುತ್ತದೆ. ಸ್ವಚ್ಛ ಮಾಡಿದೆವು, ಈಗ ಸರಿಯಿದೆ ಎಂಬಷ್ಟೇ ಉತ್ತರ ಬಂದರೆ ಮೂರನೇ ಹಂತವನ್ನು ಅಲ್ಲೇ, ಅವರ ಮುಂದೆಯೇ ಮಾಡಿ ನೋಡಿ. ಎಲೆಕ್ಟ್ರಾನಿಕ್ ಥ್ರಾಟಲ್ ಸ್ವಚ್ಛ ಮಾಡಿದ ಅಥವಾ ಬದಲಿಸಿದ ಮೇಲೆ ಹಲವು ಗಾಡಿಗಳಲ್ಲಿ ಐಡ್ಲಿಂಗನ್ನು ಕಂಪ್ಯೂಟರಿಗೆ ಹೊಸದಾಗಿ ಕಲಿಸಬೇಕು. ಆ ಕ್ರಮ ಗಾಡಿಯಿಂದ ಗಾಡಿಗೆ ಬೇರೆ.

ಕೇಬಲ್ ಹೊಂದಿಸುವಾಗ ಎರಡು ತುದಿಗಳನ್ನೂ ನೋಡಬೇಕು. ಪೆಡಲ್ ಬಿಟ್ಟಾಗ ಕೆಲವೇ ಮಿಲಿಮೀಟರ್ ಸಡಿಲ ಇರಬೇಕು, ನೆಲದವರೆಗೆ ಒತ್ತಿದಾಗ ಥ್ರಾಟಲ್ ಪೂರ್ತಿ ತೆರೆಯಬೇಕು. ಸಡಿಲವೇ ಇಲ್ಲದೆ ಬಿಗಿದರೆ ಎಂಜಿನ್ ಐಡ್ಲಿಂಗಿಗೆ ಇಳಿಯುವುದಿಲ್ಲ.

ನಂತರ ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸಿ, ಪೆಡಲ್ ಒತ್ತಿ ಬಿಟ್ಟು ಆರ್‌ಪಿಎಂ ಕೂಡಲೇ ಇಳಿಯುತ್ತದೆಯೇ ನೋಡಿ. ಆಮೇಲೆ ಜನ, ವಾಹನ ಇಲ್ಲದ ಬಯಲಿನಲ್ಲಿ ಕಡಿಮೆ ವೇಗದಲ್ಲಿ ಓಡಿಸಿ. ಸ್ಟೀರಿಂಗ್ ಎರಡೂ ಕಡೆಗೆ ಪೂರ್ತಿ ತಿರುಗಿಸಿದಾಗ, ಹಳ್ಳ ದಿಣ್ಣೆಯಲ್ಲಿ ಎಂಜಿನ್ ಅಲುಗಾಡಿದಾಗಲೂ ಪೆಡಲ್ ಹಾಗೆಯೇ ಆಡಬೇಕು. ಇದನ್ನು ಎಂಜಿನ್ ಬಿಸಿಯಿದ್ದಾಗ ಒಮ್ಮೆ, ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ಇನ್ನೊಮ್ಮೆ ಮಾಡಿ. ಮೊದಲು ಯಾವ ಸ್ಥಿತಿಯಲ್ಲಿ ಹಿಡಿದುಕೊಂಡಿತ್ತೋ ಅದೇ ಸ್ಥಿತಿಯಲ್ಲಿ ಪರೀಕ್ಷೆ ಆಗಲೇಬೇಕು. ಹೊಸ ಕೇಬಲ್ ಹಾಕಿದ್ದರೆ ಕೆಲವು ವಾರ ಓಡಿದ ಮೇಲೆ ಬಾನೆಟ್ ತೆಗೆದು ಆ ಸಡಿಲವನ್ನು ಮತ್ತೊಮ್ಮೆ ನೋಡಿ; ಕವಚ ತನ್ನ ಜಾಗದಲ್ಲಿ ಕೂತ ಮೇಲೆ ಅದು ಸ್ವಲ್ಪ ಹೆಚ್ಚಿರುತ್ತದೆ, ಹೊಂದಿಸುವ ನಟ್ಟನ್ನು ಅಷ್ಟೇ ಬಿಗಿ ಮಾಡಿದರೆ ಸಾಕು.